ಹಳ್ಳದ ಆಚೆ ತಾಯಿ, ಈಚೆ ಮರಿ

ತುರ್ತು ಪರಿಸ್ಥಿತಿ ಮುಗಿದು ಹೊಸ ಸರ್ಕಾರ ಬಂದ ವರ್ಷ ಅದು. ಯಗಟಿಯ ಸುತ್ತ ಮುಂಗಾರು ಕೈಕೊಟ್ಟಿತ್ತು. ಮೃಗಶಿರೆ ಒಣಗಿಯೇ ಕಳೆಯಿತು. ಆರಿದ್ರೆಯಲ್ಲಿ ಒಂದು ಸಂಜೆ ಜೋರಾಗಿ ಗುಡುಗಿತು, ಅಷ್ಟೇ. ಲಕ್ಕಣ್ಣ ಬಿತ್ತಿದ್ದ ರಾಗಿ ಗೇಣುದ್ದ ಎದ್ದು ಕೆಂಪಗಾಯಿತು. ಅದು ತೆನೆ ಕಟ್ಟುವ ಪೈರಲ್ಲ ಎಂದು ಗೊತ್ತಾದ ಮೇಲೆ ಅವನು ಕುರಿಗಳನ್ನೇ ಹೊಲಕ್ಕೆ ಬಿಟ್ಟ.

ಲಕ್ಕಣ್ಣನದು ಕುರಿ ಸಾಕುವ ಮನೆತನ. ಕಾರ್ತಿಕ ಬಂತೆಂದರೆ ಮಂದೆ ಹೊಡೆದುಕೊಂಡು ಅಜ್ಜಂಪುರದ ಕಡೆಗೆ ಹೋಗುವುದು ಅವನ ಅಪ್ಪನ ಕಾಲದಿಂದ ನಡೆದುಬಂದದ್ದು. ಕೊಯ್ಲಾದ ಹೊಲದಲ್ಲಿ ರಾತ್ರಿ ಕುರಿ ಮಲಗಿಸಿದರೆ ಹಿಕ್ಕೆ, ಗಂಜಲ ಬಿದ್ದು ಭೂಮಿಗೆ ಗೊಬ್ಬರವಾಗುತ್ತದೆ. ಅದಕ್ಕೆ ಪ್ರತಿಯಾಗಿ ಹೊಲದವರು ರಾಗಿ ಕೊಡುತ್ತಾರೆ. ಹೆಂಡತಿ ಮೈಲಮ್ಮ ಯಾವಾಗಲೂ ಊರಲ್ಲೇ ಉಳಿದು ಸುಗ್ಗಿ ನೋಡಿಕೊಳ್ಳುತ್ತಿದ್ದಳು. ಈ ಸಲ ಕೊಯ್ಯಲು ಏನೂ ಇರಲಿಲ್ಲ. ಮಗಳನ್ನು ಕಡೂರಿಗೆ ಕೊಟ್ಟಾಗಿತ್ತು. ಮನೆಗೆ ಬೀಗ ಹಾಕಿ ಅವಳೂ ಮಂದೆಯ ಹಿಂದೆ ಹೊರಟಳು.

ಬುಕ್ಕಾಂಬುಧಿಯಲ್ಲಿ ಸೋಮಶೇಖರಪ್ಪನವರ ಕೊಯ್ದ ಜೋಳದ ಹೊಲದಲ್ಲಿ ಬೀಡು ಬಿಟ್ಟರು. ಊರು ಎತ್ತರದಲ್ಲಿತ್ತು, ಹೊಲ ತಗ್ಗಿನಲ್ಲಿ. ಹೊಲದ ಅಂಚಿಗೇ ಹಳ್ಳ, ಆ ಹಳ್ಳದ ನೀರೆಲ್ಲ ದೊಡ್ಡ ಕೆರೆಗೆ. ಆ ವರ್ಷ ಹಳ್ಳದಲ್ಲಿ ಮರಳು ಬಿಟ್ಟರೆ ಬೇರೇನೂ ಇರಲಿಲ್ಲ. ಬಿದಿರಿನ ತಡಿಕೆ ಕಟ್ಟಿ ಮರಿಗಳಿಗೆ ಗೂಡು ಮಾಡಿದರು. ಬೆಳಗ್ಗೆ ಲಕ್ಕಣ್ಣ ದೊಡ್ಡ ಕುರಿಗಳನ್ನು ಹಳ್ಳ ದಾಟಿಸಿ ಆಚೆ ಗುಡ್ಡಕ್ಕೆ ಮೇಯಿಸಲು ಒಯ್ಯುತ್ತಿದ್ದ. ಮೈಲಮ್ಮ ಮರಿಗಳನ್ನು ಕಾಯುತ್ತ ಉಳಿಯುತ್ತಿದ್ದಳು. ಸಂಜೆ ತಾಯಿಗಳು ಕೆಚ್ಚಲು ತುಂಬಿಕೊಂಡು ಓಡಿಬಂದಾಗ ಹೊಲದ ತುಂಬ ಗದ್ದಲವೇ ಗದ್ದಲ. ದಿನ ಕಳೆದಂತೆ ಗುಡಾರದ ಮೂಲೆಯ ಚೀಲದಲ್ಲಿ ರಾಗಿ ಏರತೊಡಗಿತು. ಬೇಸಿಗೆಯವರೆಗೆ ಉಣ್ಣಲು ಅದೇ ಆಧಾರ ಎಂದು ಇಬ್ಬರಿಗೂ ಗೊತ್ತಿತ್ತು.

ವಿಶಾಖ ನಕ್ಷತ್ರದಲ್ಲಿ ಮಳೆ ಹಿಡಿಯಿತು. ಮೊದಲು ಸಣ್ಣಗೆ ಜಿನುಗಿತು. ಜನ ಸಂತೋಷವನ್ನೂ ಪಡಲಾರದೆ, ಬೈಯಲೂ ಆಗದೆ ಆಕಾಶ ನೋಡಿದರು. ನೀರಿರುವವರು ತಡವಾಗಿ ಬೆಳೆದ ಅಷ್ಟಿಷ್ಟು ರಾಗಿಯನ್ನು ಕೊಯ್ದು ಹೊಲದಲ್ಲೇ ಹರಡಿದ್ದರು.

"ಇವತ್ತು ಹೋಗ್ಬ್ಯಾಡ ಕಣಪ್ಪ, ಮೋಡ ಕಪ್ಪಗೈತೆ" ಎಂದಳು ಮೈಲಮ್ಮ.

"ಮೇವಿಲ್ದೆ ಮಂದೆ ನಿಲ್ತದಾ? ಮಧ್ಯಾಹ್ನಕ್ಕೆ ಬಂದ್ಬಿಡ್ತೀನಿ" ಎಂದು ಲಕ್ಕಣ್ಣ ಕಂಬಳಿ ಕೊಪ್ಪೆ ಹಾಕಿಕೊಂಡು ಹಳ್ಳ ದಾಟಿದ.

ಮಧ್ಯಾಹ್ನಕ್ಕೆ ಮೊದಲೇ ಮಳೆ ಕಲ್ಲು ಸುರಿದಂತೆ ಬಿತ್ತು. ಮೇಲಿನ ಕಡೆಯಿಂದ ಹಳ್ಳ ಕೆಂಪು ನೀರು ಹೊತ್ತು ಬಂತು. ಮೈಲಮ್ಮ ನೋಡನೋಡುತ್ತಿದ್ದಂತೆ ಮರಳು ಮುಚ್ಚಿತು, ದಡ ಮುಚ್ಚಿತು, ನೀರು ಜೋಳದ ಕೂಳೆಗಳ ನಡುವೆ ಹರಿದುಬಂತು. ಆಚೆ ದಡದಲ್ಲಿ ಲಕ್ಕಣ್ಣ ಮಂದೆಯನ್ನು ಇಳಿಸಿಕೊಂಡು ಬಂದು ನಿಂತಿದ್ದ. ಅವನು ಕೂಗಿದ್ದು ಕೇಳಿಸಲಿಲ್ಲ. ಕೈ ಬೀಸಿದ್ದು ಮಾತ್ರ ಕಂಡಿತು: ಮೇಲಕ್ಕೆ ಹೋಗು, ಮೇಲಕ್ಕೆ ಹೋಗು.

ಅವಳು ತಡಿಕೆ ಬಿಚ್ಚಿ, ಕಂಬಳಿಯಲ್ಲಿ ಹಿಡಿದಷ್ಟು ಮರಿಗಳನ್ನು ಕಟ್ಟಿಕೊಂಡು ಹುಣಸೆ ಮರದ ದಿಬ್ಬಕ್ಕೆ ಓಡಿದಳು. ಇಳಿಸಿ ಮತ್ತೆ ಬಂದಳು. ನೀರು ಮೊಣಕಾಲಿಗೆ ಬಂದಿತ್ತು. ಕೊನೆಯ ಸಲ ಬಂದಾಗ ಗುಡಾರ ವಾಲಿತ್ತು. ಅವಳು ರಾಗಿ ಚೀಲವನ್ನು ಎಳೆದು ಬೆನ್ನಿಗೇರಿಸಿಕೊಂಡಳು. ಅಷ್ಟರಲ್ಲಿ ಗೂಡಿನ ಮೂಲೆಯಲ್ಲಿ ಸಿಕ್ಕಿಕೊಂಡಿದ್ದ ಮರಿಗಳು ಅರಚಿದವು. ಎರಡನ್ನೂ ಹೊರಲು ಅವಳಿಂದಾಗುತ್ತಿರಲಿಲ್ಲ. ಒಂದು ಕ್ಷಣ ನಿಂತಳು. ಆಮೇಲೆ ಚೀಲವನ್ನು ಜಾರಬಿಟ್ಟು ಮರಿಗಳನ್ನು ಬಾಚಿಕೊಂಡಳು. ಕೆಲವು ಆಗಲೇ ಕೊಚ್ಚಿಹೋಗಿದ್ದವು.

ದಿಬ್ಬದ ಮೇಲೆ ಒಬ್ಬ ಹೆಂಗಸು ಬಿದಿರಿನ ಮಂಕರಿ ಹಿಡಿದು ನಿಂತಿದ್ದಳು. ಸೋಮಶೇಖರಪ್ಪನವರ ಹೆಂಡತಿ ದಾಕ್ಷಾಯಣಮ್ಮ. ಗಂಡ ಊರ ಗಂಡಸರ ಜೊತೆ ಕೆರೆ ಏರಿಗೆ ಮಣ್ಣಿನ ಚೀಲ ಹೊರಲು ಹೋಗಿದ್ದರು. ಅವಳು ಹರಡಿದ್ದ ರಾಗಿಯನ್ನು ಸಾಧ್ಯವಾದಷ್ಟು ಒಟ್ಟುಮಾಡಲು ಬಂದವಳು.

"ಅಯ್ಯೋ ಶಿವನೇ, ಮರಿಗಳು ನಡುಗ್ತಾವಲ್ಲೇ! ಹಾಕು ಇದರೊಳಕ್ಕೆ."

"ನಿಮ್ ರಾಗಿ ಅಮ್ಮಾರೇ?"

"ರಾಗಿ ಆಗ್ಲೇ ನೆಂದೋಯ್ತು. ಇವು ಇನ್ನೂ ಉಸಿರಾಡ್ತಾವೆ. ಹಾಕು ಅಂದ್ನಲ್ಲ."

ಇಬ್ಬರೂ ಎಷ್ಟೋ ಸಲ ಹತ್ತಿ ಇಳಿದು ಮರಿಗಳನ್ನು ಸೋಮಶೇಖರಪ್ಪನವರ ಕೊಟ್ಟಿಗೆಗೆ ಸೇರಿಸಿದರು. ಮೈಲಮ್ಮ ಬಾಗಿಲಲ್ಲೇ ನಿಂತಳು. ಲಿಂಗವಂತರ ಮನೆ, ಕುರಿ ಕಾಲಿಟ್ಟ ಕೊಟ್ಟಿಗೆಯಲ್ಲ ಅದು. ದಾಕ್ಷಾಯಣಮ್ಮ ಎತ್ತುಗಳನ್ನು ಬಿಚ್ಚಿ ಪಕ್ಕದ ಚಪ್ಪರಕ್ಕೆ ಕಟ್ಟಿ, ಒಣ ಹುಲ್ಲು ಹರಡಿ, "ಒಳಗೆ ಬಾ, ಸೀರೆ ಬದಲಾಯಿಸ್ಕೋ" ಎಂದಳು.

ಸಂಜೆ ಹಳ್ಳದ ಕಡೆಗೆ ಹೋದಾಗ ಅಲ್ಲಿ ಹಳ್ಳವೇ ಇರಲಿಲ್ಲ. ಕಣ್ಣು ಹಾಯುವಷ್ಟು ನೀರು. ಆಚೆ ಯಾರೂ ಕಾಣಲಿಲ್ಲ.

ಮಳೆ ವಾರ ಪೂರ್ತಿ ಬಿಡಲಿಲ್ಲ. ಅಜ್ಜಂಪುರದ ಬಸ್ಸು ನಿಂತಿತು. ಕೊಟ್ಟಿಗೆಯಲ್ಲಿ ಮರಿಗಳು ಹಾಲಿಲ್ಲದೆ ಅರಚಿ ಅರಚಿ ಗಂಟಲು ಕಟ್ಟಿಸಿಕೊಂಡವು. ತಾಯಿಗಳೆಲ್ಲ ಆ ದಡದಲ್ಲಿ. ದಾಕ್ಷಾಯಣಮ್ಮ ಹೊಸದಾಗಿ ಕರು ಹಾಕಿದ್ದ ಹಸುವಿನ ಹಾಲು ಕರೆದು ತಂದಳು. ಮೈಲಮ್ಮ ಬಟ್ಟೆಯ ಬತ್ತಿ ಅದ್ದಿ ಒಂದೊಂದರ ಬಾಯಿಗೂ ಇಟ್ಟಳು. ಮೊದಲು ಮುಖ ತಿರುಗಿಸಿದವು, ಆಮೇಲೆ ಬತ್ತಿಯನ್ನೇ ಕಚ್ಚಿ ಎಳೆದವು.

ಊಟಕ್ಕೆ ಕೂತ ಸೋಮಶೇಖರಪ್ಪ, "ಮಜ್ಜಿಗೆ ಇಲ್ವೇನೇ?" ಎಂದು ಕೇಳಿದರು.

"ಹೆಪ್ಪಾಕಾಕೆ ಹಾಲೆಲ್ಲೈತೆ? ಮರಿ ಕುಡುದ್ವು. ಸಾರಲ್ಲೇ ಉಣ್ಣಿ."

ಅವರು ಕೊಟ್ಟಿಗೆಯ ಕಡೆ ಒಮ್ಮೆ ನೋಡಿ ಮತ್ತೊಂದು ತುತ್ತು ಮುರಿದರು.

ಮೈಲಮ್ಮ ಮಾತ್ರ ಮುದ್ದೆ ಮುಟ್ಟಲಿಲ್ಲ.

"ನಮ್ಮೋರ ಹತ್ರ ಒಂದು ಹಿಡಿ ಹಿಟ್ಟಿಲ್ಲ ಅಮ್ಮಾರೇ. ಬುತ್ತಿನೂ ತಗಂಡೋಗಿರ್ಲಿಲ್ಲ."

"ನೀನು ಉಪಾಸ ಬಿದ್ರೆ ಅವ್ರ ಹೊಟ್ಟೆ ತುಂಬ್ತದೇನೇ? ಮರಿ ಸಾಕೋಳು ನೀನು. ಉಣ್ಣು."

ಹಗಲೆಲ್ಲ ಇಬ್ಬರೂ ಒದ್ದೆ ರಾಗಿ ತೆನೆ ತಂದು ಒಲೆಯ ಸುತ್ತ, ಅಟ್ಟದ ಮೇಲೆ, ನಡುಮನೆಯಲ್ಲಿ ಹರಡಿದರು. ಅರ್ಧಕ್ಕರ್ಧ ತೆನೆಗಳಲ್ಲಿ ಆಗಲೇ ಬಿಳಿ ಮೊಳಕೆ ಇಣುಕಿತ್ತು. ಒಮ್ಮೆ ಅಂಥದೊಂದು ತೆನೆಯನ್ನು ಕೈಯಲ್ಲಿ ಹಿಡಿದ ದಾಕ್ಷಾಯಣಮ್ಮ ಕೆಲಸ ಬಿಟ್ಟು ಕೂತಳು. ಅದು ಅವರ ಮನೆಯ ವರ್ಷದ ಅನ್ನ. ಮೈಲಮ್ಮ ಹತ್ತಿರ ಹೋಗಿ ಕೂತು, ಅವಳ ಮಡಿಲಲ್ಲಿದ್ದ ತೆನೆಗಳನ್ನು ಒಂದೊಂದಾಗಿ ಆರಿಸತೊಡಗಿದಳು.

ಮಳೆ ಬಿಟ್ಟ ಬೆಳಗ್ಗೆ ಮೈಲಮ್ಮ ಹಳ್ಳಕ್ಕೆ ಓಡಿದಳು. ನೀರು ಎದೆಮಟ್ಟಕ್ಕೆ ಇಳಿದಿತ್ತು. ಊರವರು ಹಗ್ಗ ಕಟ್ಟಿ ಆಚೆ ಹೋದರು. ಲಕ್ಕಣ್ಣ ಗುಡ್ಡದಿಂದ ಇಳಿದು ಬರುವುದು ಕಂಡಿತು. ಹಿಂದಿದ್ದ ಮಂದೆ ಅರ್ಧಕ್ಕಿಂತ ಕಡಿಮೆ.

ಕುರಿಗಳನ್ನು ಒಂದೊಂದಾಗಿ ಹೊತ್ತು ದಾಟಿಸಿ ಈಚೆ ದಡಕ್ಕೆ ಬಂದವನು ಕುಕ್ಕರಗಾಲಿನಲ್ಲಿ ಕೂತುಬಿಟ್ಟ. ಗಡ್ಡ ಬೆಳೆದಿತ್ತು, ಕಣ್ಣು ಒಳಗೆ ಹೋಗಿದ್ದವು.

"ಏನ್ ತಿಂದೆ?" ಎಂದಳು.

"ಮರಿ ಇಲ್ದೆ ಕೆಚ್ಲು ಬಿರಿತಾ ಇದ್ವು. ಕರ್ಕೊಂಡು ಕುಡ್ದೆ. ಬಂಡೆ ಮರೇಲಿ ಬಿದ್ಕೊಂಡಿದ್ದೆ." ಹಳ್ಳದ ಕಡೆ ಕೈ ತೋರಿದ: "ಮರಿ ಕೂಗಿದ್ದು ಕೇಳಿಸ್ತು ಕಣೇ ತಾಯಿಗಳ್ಗೆ. ಅವತ್ತೇ ಅರ್ಧಕ್ಕರ್ಧ ನೀರಿಗೆ ಹಾರಿದ್ವು. ಎಷ್ಟು ತಡುದ್ರೂ ನಿಲ್ಲಿಲ್ಲ."

ಮೈಲಮ್ಮ ಅವನ ತಲೆಯ ನೀರನ್ನು ಸೆರಗಿನಿಂದ ಒರೆಸಿದಳು.

ಕೊಟ್ಟಿಗೆಯ ಬಾಗಿಲು ತೆಗೆದಾಗ ತಾಯಿಗಳು ನುಗ್ಗಿದವು. ಮೂಸಿ, ಕರೆದು, ತಮ್ಮ ಮರಿ ಹಿಡಿದವು. ದಾಕ್ಷಾಯಣಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನೋಡುತ್ತಿದ್ದಳು. ಗದ್ದಲ ಇಳಿದ ಮೇಲೆ ಮರಿ ಸಿಗದ ಕೆಲವು ತಾಯಿಗಳು, ತಾಯಿ ಬರದ ಎಷ್ಟೋ ಮರಿಗಳು ಕೂಗುತ್ತಲೇ ಉಳಿದವು. ಲಕ್ಕಣ್ಣ ತಾಯಿ ಕುರಿಯ ಕಾಲನ್ನು ಒತ್ತಿ ಹಿಡಿದ, ಮೈಲಮ್ಮ ತಬ್ಬಲಿ ಮರಿಯನ್ನು ಕೆಚ್ಚಲಿಗೆ ಹಚ್ಚಿದಳು. ಕೆಲವು ಒದ್ದವು. ಕೆಲವು ಒಪ್ಪಿದವು.

ಆದರೂ ಕಷ್ಟ ಮುಗಿಯಲಿಲ್ಲ. ನೆನೆದ ಕುರಿಗಳ ಗೊರಸು ಕೊಳೆಯಿತು. ಶೀತಕ್ಕೆ ಇನ್ನೂ ಕೆಲವು ಸತ್ತವು. ಲಕ್ಕಣ್ಣ ಒಂದು ದಿನ ಹೇಳಿಯೇಬಿಟ್ಟ: "ಇದ್ದಷ್ಟೂ ಮಾರಿ ಕಾಫಿ ತೋಟಕ್ಕೆ ಹೋಗಾನ. ಮಳೆ ಯಾವಾಗ ಬತ್ತದೆ, ಯಾವಾಗ ಕೊಲ್ತದೆ ಗೊತ್ತಿಲ್ಲ. ಇದನ್ನ ನಂಬ್ಕೊಂಡು ಬದುಕಾಕಾಗಲ್ಲ."

"ತೋಟದ ಕೆಲ್ಸ ಮುಗುದ್ಮೇಲೆ?"

ಅವನು ಕುರಿಯೊಂದನ್ನು ಎಳೆದುಕೊಂಡು ಅದರ ಗೊರಸು ತೊಳೆಯತೊಡಗಿದ.

ರಸ್ತೆ ತೆರೆದ ಮೇಲೆ ತರೀಕೆರೆಯ ಕುರಿ ವ್ಯಾಪಾರಿ ರಹಮತ್ ಉಲ್ಲಾ ಬಂದ. ಅವನಿಗೂ ಲಕ್ಕಣ್ಣನಿಗೂ ಹಳೆಯ ಪರಿಚಯ. ಕೊಟ್ಟಿಗೆಯೊಳಗೆ ಹೋಗಿ ಒಂದೊಂದೇ ಕುರಿಯ ಹೊಟ್ಟೆ ಸವರಿ ನೋಡಿದ.

"ಎಲ್ಲಾ ತಗೊಂಡೋಗಿ ಸಾಬ್ರೇ" ಎಂದ ಲಕ್ಕಣ್ಣ.

"ಇವುಗಳಲ್ಲಿ ಎಷ್ಟೋ ಗಬ್ಬ ಆಗವೆ. ಇವನ್ನ ಹೆಂಗೆ ಮಾರ್ತೀಯಪ್ಪ ನೀನು? ನಾನು ಒಯ್ದ್ರೆ ಕಸಾಯಿಖಾನೆಗೇ ಹೋಗೋದು. ಗಂಡು ಕುರಿ ಕೊಡು, ಸಾಕು."

"ಉಳಿದವನ್ನ ಇಟ್ಕೊಂಡು ಏನ್ ತಿನ್ನಾನ?"

ಮೈಲಮ್ಮ ನಡುವೆ ಬಾಯಿ ಹಾಕಿದಳು. "ರೊಕ್ಕ ಬ್ಯಾಡ ಸಾಬ್ರೇ. ರಾಗಿ ಆಗ್ಲಿ ಜೋಳ ಆಗ್ಲಿ, ಕಾಳು ಕೊಡಿ. ಈಗ ರೊಕ್ಕ ಹಿಡ್ಕೊಂಡೋದ್ರೂ ಈ ಸೀಮೇಲಿ ಕಾಳು ಸಿಗಲ್ಲ." ಆಮೇಲೆ ಗಂಡನ ಕಡೆ ತಿರುಗಿದಳು. "ನೀನು ಬೇಕಾದ್ರೆ ಬೇಸಿಗೆ ತನ್ಕ ತೋಟಕ್ಕೆ ಹೋಗ್ಬಾ. ಮಂದೆ ನಾನು ನೋಡ್ಕೋತೀನಿ. ನೀರಲ್ಲಿ ಹೊತ್ಕೊಂಡ್ ಬಂದಿದ್ದು ಮಾರಾಕಲ್ಲ."

ಲಕ್ಕಣ್ಣ ಎದ್ದು ಟಗರುಗಳನ್ನು ಬೇರೆ ಮಾಡಲು ಹೋದ. ಎರಡು ದಿನ ಬಿಟ್ಟು ತರೀಕೆರೆಯಿಂದ ಬಂದ ಲಾರಿಯೊಂದು ಜೋಳದ ಮೂಟೆಗಳನ್ನು ಇಳಿಸಿ ಹೋಯಿತು. ಅದರಲ್ಲಿ ಒಂದನ್ನು ಮೈಲಮ್ಮ ದಾಕ್ಷಾಯಣಮ್ಮನ ನಡುಮನೆಯಲ್ಲಿ ಇಳಿಸಿದಳು.

"ಇದ್ಯಾಕೇ? ನಿಮಗೇ ಸಾಲಲ್ಲ."

"ನಿಮ್ಮ ರಾಗಿ ಹೋಯ್ತಲ್ಲ. ಮರಿ ಕುಡ್ದಿದ್ದು ನಿಮ್ಮ ಮಜ್ಜಿಗೆ."

ದಾಕ್ಷಾಯಣಮ್ಮ ಮೂಟೆ ತೆಗೆದುಕೊಂಡಳು, ಆದರೆ ತಾಯಿ ಇಲ್ಲದ ಮರಿಗಳನ್ನು ಕಳುಹಿಸಲಿಲ್ಲ. "ಹಸು ಹಾಲಿಗೆ ರೂಢಿ ಆಗವೆ. ಇಷ್ಟು ದೂರ ನಡುದ್ರೆ ಸಾಯ್ತವೆ. ಹುಲ್ಲು ತಿನ್ನಂಗಾದ್ಮೇಲೆ ಬಂದು ಕರ್ಕೊಂಡೋಗು."

ಬೇಸಿಗೆ ಬರುವ ತನಕ ಲಕ್ಕಣ್ಣ ಕಾಫಿ ತೋಟದಲ್ಲಿ ದುಡಿದ. ಮೈಲಮ್ಮ ಒಬ್ಬಳೇ ಕೆರೆಯಂಗಳಗಳಲ್ಲಿ ಮಂದೆ ಮೇಯಿಸಿದಳು. ದಾಕ್ಷಾಯಣಮ್ಮ ಕೊಟ್ಟಿದ್ದ ನೆನೆದ ರಾಗಿಯ ಹಿಟ್ಟಿಗೆ ಜೋಳ ಬೆರೆಸಿ ಮುದ್ದೆ ಕಟ್ಟಿದರೆ ಕಹಿಯಾಗುತ್ತಿತ್ತು. ಹೊಟ್ಟೆ ಮಾತ್ರ ತುಂಬುತ್ತಿತ್ತು. ಗಬ್ಬದ ಕುರಿಗಳು ಹೆತ್ತವು. ಯುಗಾದಿ ಕಳೆದ ಮೇಲೆ ಲಕ್ಕಣ್ಣ ಹಿಂದಿರುಗಿ ಬಂದು, ಹೊಸ ಮರಿಗಳನ್ನು ಒಂದೊಂದಾಗಿ ಎತ್ತಿ ನೋಡಿದ. ಮತ್ತೆ ತೋಟದ ಮಾತೆತ್ತಲಿಲ್ಲ.

ಮೈಲಮ್ಮ ಬುಕ್ಕಾಂಬುಧಿಗೆ ಹೋದಾಗ ಮರಿಗಳು ದೊಡ್ಡವಾಗಿ, ಹಸುವಿನ ಹಿಂದೆ ಕರುವಿನ ಹಾಗೆ ಓಡಾಡುತ್ತಿದ್ದವು. ದಾಕ್ಷಾಯಣಮ್ಮ ಊರಾಚೆಯ ಹುಣಸೆ ಮರದವರೆಗೂ ಬಂದು ಬೀಳ್ಕೊಟ್ಟಳು. ಮರಿಗಳು ಎರಡು ಹೆಜ್ಜೆ ಮುಂದೆ ಹೋಗಿ ಮತ್ತೆ ಅವಳ ಸೀರೆಗೆ ಬಂದು ಮೂತಿ ಒರೆಸುತ್ತಿದ್ದವು.

"ಹೋಗ್ರೋ, ನಿಮ್ಮೋರ ಜೊತೆ ಹೋಗಿ" ಎಂದು ಗದರಿ ಅವುಗಳ ಬೆನ್ನು ಸವರಿದಳು. "ಕಾರ್ತಿಕಕ್ಕೆ ಬತ್ತೀರಲ್ಲ?"

"ಬತ್ತೀವಿ ಅಮ್ಮಾರೇ. ಹಳ್ಳದ ಹೊಲ ಮಾತ್ರ ಬ್ಯಾಡ, ಮೇಲಿನ ಹೊಲ ಕೊಡಿ."

"ಕೊಡ್ತೀನಿ, ಹೋಗು. ಬಿಸ್ಲು ಏರ್ತೈತೆ" ಎಂದಳು ದಾಕ್ಷಾಯಣಮ್ಮ.

ಮೈಲಮ್ಮ ಎಲ್ಲಕ್ಕಿಂತ ಸಣ್ಣ ಮರಿಯನ್ನು ಹೆಗಲಿಗೇರಿಸಿಕೊಂಡು ಯಗಟಿಯ ದಾರಿ ಹಿಡಿದಳು. ಉಳಿದವು ಅರಚುತ್ತ ಹಿಂಬಾಲಿಸಿದವು.