ಹದಿನೇಳನೆಯ ಅಡಿಟಿಪ್ಪಣಿ

"ತಲೆ ಹತ್ತಿರ ಬೇಡ್ರಪ್ಪಾ, ಕಾಲ ಕಡೆ ಇಡಿ. ಆಮೇಲೆ ಎದ್ದು ಕೂತು ಟೈಪ್ ಮಾಡೋಕೆ ಶುರು ಮಾಡಿಬಿಟ್ಟಾನು!"

ಬೈಂಡರ್ ಫೀಫಿ ಬಾಗಿಲಲ್ಲಿ ನಿಂತು ಕೂಗಿದರು. ಹಳೆಯ ಟೈಪ್‌ರೈಟರನ್ನು ಹೊತ್ತು ತಂದ ಇಬ್ಬರು ಗಂಡಸರು ಅದನ್ನು ಹಿತ್ತಾಳೆ ಮಂಚದ ಕಾಲ್ದೆಸೆಯ ಮೇಜಿನ ಮೇಲೆ ಇಳಿಸಿದರು. ಮಂಚದ ಮೇಲೆ ಎಬೊ ಕ್ವಾನ್ಸಾ ಬಿಳಿಯ ಬಟ್ಟೆ ಹೊದ್ದು, ಕನ್ನಡಕ ಹಾಕಿಕೊಂಡೇ ಮಲಗಿದ್ದರು. ಎಂಬತ್ತೊಂದು ವರ್ಷ ಬಾಳಿ ಹೋದವರು. ಆದ್ದರಿಂದ ಅಕಾಲದ ಸಾವಿಗೆ ಉಡುವ ಕೆಂಪು ಬಟ್ಟೆ ಅಂಗಳದಲ್ಲಿ ಕಾಣುತ್ತಿರಲಿಲ್ಲ. ಶಾಮಿಯಾನದ ಕೆಳಗೆ ಎಲ್ಲರೂ ಕಪ್ಪು ಬಿಳಿಯಲ್ಲೇ ಕೂತಿದ್ದರು.

ಫೀಫಿ ಬಂದು ಅಬಾ ಬೆಂಟ್ಸಿಲ್ಲಳ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಅವತ್ತಿಗಾಗಿ ಅಚ್ಚು ಹಾಕಿಸಿದ್ದ ನುಡಿನಮನದ ಪುಸ್ತಿಕೆಯನ್ನು ಬಿಡಿಸಿದರು.

"ಇಲ್ನೋಡಿ ಮೇಡಂ, ಚರ್ಚಿನವರು ಬರೆದಿರೋದು. 'ನಮ್ಮ ನಡುವಿನ ಸೌಮ್ಯ ದೈತ್ಯ.' ಸ್ಟೂಲ್ ಇಲ್ದೆ ಮೂರನೇ ಶೆಲ್ಫಿಗೆ ಕೈ ಎಟುಕ್ತಿರ್ಲಿಲ್ಲ ಇವನಿಗೆ! ಹೋದ ತಿಂಗಳು ಸಾರ್ಜೆಂಟ್ ಒಟೂ ಸತ್ತಾಗ್ಲೂ ಇದೇ ಸಾಲು ಹಾಕಿದ್ರು. ಅವನೇನೋ ಆರೂವರೆ ಅಡಿ ಇದ್ದ, ಒಪ್ಪೋಣ."

"ಅವರಿಗೆ ಬೇರೆ ಸಾಲು ಸಿಕ್ಕಿರಲ್ಲ, ಅಂಕಲ್."

"ಅದಕ್ಕೆ ಒಬ್ಬರ ಅಂಗಿ ಇನ್ನೊಬ್ಬರಿಗೆ ತೊಡಿಸೋದಾ? ಇವನು ಇದನ್ನ ಓದಿದ್ರೆ ಏನಂತಿದ್ದ, ಹೇಳಿ?"

ಹಿಂದಿನ ಸಾಲಿನಿಂದ ಮೂರು ನಾಲ್ಕು ದನಿಗಳು ಒಟ್ಟಿಗೇ ಬಂದವು: "ಯಾವ ಪುಟ?"

ನಗು ಶಾಮಿಯಾನದ ಉದ್ದಕ್ಕೂ ಹರಿಯಿತು. ಮೂವತ್ತನಾಲ್ಕು ವರ್ಷ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೂತಿದ್ದ ಎಬೊ, ಯಾರು ಚೆಂದದ ಮಾತಾಡಿದರೂ ಕೇಳುತ್ತಿದ್ದುದು ಅದೊಂದೇ ಪ್ರಶ್ನೆ. ಮೀನು ಮಾರುವವಳು ಗಾದೆ ಹೇಳಿದರೂ ಬಿಡುತ್ತಿರಲಿಲ್ಲ.

ಅಬಾ ಮಾತ್ರ ನಗಲಿಲ್ಲ. ಸಾಹಿತ್ಯ ವಿಭಾಗದ ಪರವಾಗಿ ಅವಳು ಓದಬೇಕಿದ್ದ ನುಡಿನಮನ ಚೀಲದಲ್ಲಿತ್ತು. 'ಆಕರಗಳನ್ನು ಗೌರವಿಸುವುದನ್ನು ನಮಗೆ ಕಲಿಸಿದವರು' ಎಂದು ಅದರಲ್ಲಿ ಬರೆದಿದ್ದಳು. ಬರೆದ ದಿನದಿಂದ ಸರಿಯಾಗಿ ಊಟ ಸೇರಿರಲಿಲ್ಲ.

"ಅಬಾ, ಒಳಗೆ ಬಾ ಮಗಳೇ."

ಎಬೊ ಅವರ ಹೆಂಡತಿ ಅರಾಬಾ ಕರೆಯುತ್ತಿದ್ದರು. ಅವರ ಕೈಯಲ್ಲಿ ಹಳೆಯ ಪತ್ರಿಕೆ ಸುತ್ತಿದ ಒಂದು ಕಟ್ಟು ಇತ್ತು.

"ಇದು ನಿನ್ನದು. ನಿನ್ನ ಕೈಗೇ ಕೊಡಬೇಕು ಅಂತ ಹೇಳಿದ್ರು. ನಲವತ್ತೊಂದನೇ ಪುಟ ನೋಡ್ಬೇಕಂತೆ. ನೋಡಿ ನನ್ನ ಹತ್ರ ಬಾ, ಮಾತಾಡೋದಿದೆ."

ಕಟ್ಟಿನ ಒಳಗಿದ್ದುದು ಏನೆಂದು ಬಿಚ್ಚುವ ಮೊದಲೇ ಅಬಾಳ ಬೆರಳುಗಳಿಗೆ ಗೊತ್ತಾಯಿತು.

*

ಮೂವತ್ತೊಂದು ವರ್ಷಗಳ ಹಿಂದೆ, ಪದವಿಯ ಕೊನೆಯ ದೀರ್ಘ ಪ್ರಬಂಧಕ್ಕೆ ಅವಳು ಒಂದು ಕಾದಂಬರಿಯನ್ನು ಆರಿಸಿಕೊಂಡಿದ್ದಳು. ಅದರ ಮೇಲಿನ ಒಳ್ಳೆಯ ವಿಮರ್ಶೆ ಇದ್ದುದು ಒಂದೇ ಪುಸ್ತಕದಲ್ಲಿ. ಹಸಿರು ರಟ್ಟಿನ ಆ ಪುಸ್ತಕದ ಒಂದೇ ಪ್ರತಿ ಗ್ರಂಥಾಲಯದಲ್ಲಿತ್ತು. ಮನೆಗೆ ಕೊಡುತ್ತಿರಲಿಲ್ಲ. ಎಬೊ ಅವರ ಮೇಜಿನ ಎದುರು ಚೀಟಿ ಬರೆದು, ಸರದಿ ಬಂದಾಗ ಎರಡು ಗಂಟೆ ಓದಬೇಕು. ಎಲ್ಲರ ಹಾಗೆ ಅವಳೂ ಓದುವುದನ್ನು ಬಿಟ್ಟು, ಕಾರ್ಡುಗಳ ಮೇಲೆ ಸಿಕ್ಕಷ್ಟು ಇಳಿಸಿಕೊಂಡಳು. ಪ್ರತಿ ಕಾರ್ಡಿನ ಮೂಲೆಯಲ್ಲಿ ಹೆಸರು, ಪುಟ. ಒಂದು ಸಂಜೆ ಅರ್ಧದಲ್ಲಿ ಕರೆಂಟು ಹೋಯಿತು. ಆ ಒಂದು ಕಾರ್ಡಿನ ಮೂಲೆ ಖಾಲಿ ಉಳಿಯಿತು.

ಮೂರು ವಾರ ಕಳೆದು ಪ್ರಬಂಧ ಬರೆಯಲು ಕೂತಾಗ ಆ ಕಾರ್ಡು ಕೈಗೆ ಬಂತು. 'ಈ ಮನೆಯ ಹೆಂಗಸರು ಸುಮ್ಮನಿಲ್ಲ. ಅವರು ಹೇಳದೆ ಬಿಟ್ಟದ್ದರ ಸುತ್ತಲೇ ಗಂಡಸರು ಓಡಾಡಬೇಕಾಗಿದೆ.' ತನ್ನದೇ ಅಕ್ಷರ. ತಾನೇ ಯೋಚಿಸಿದ್ದು ಅನ್ನಿಸಿತು. ಎಂಥ ಮಾತು ಹೊಳೆದಿದೆ ಎಂದು ಹಿಗ್ಗಿ, ಅದರ ಮೇಲೆಯೇ ಇಡೀ ಅಧ್ಯಾಯವನ್ನು ಕಟ್ಟಿದಳು.

ಕರಡನ್ನು ಟೈಪ್ ಮಾಡಿದವರು ಎಬೊ. ಕೆಲಸ ಮುಗಿದ ಮೇಲೆ ಹಿಂದಿನ ವರಾಂಡದಲ್ಲಿ ಅವರು ವಿದ್ಯಾರ್ಥಿಗಳಿಗೆ ಟೈಪ್ ಮಾಡಿಕೊಡುತ್ತಿದ್ದರು. ಕೊನೆಯ ದಿನ ಫೀಫಿ ಬೈಂಡ್ ಮಾಡಿದ ಮೂರು ಪ್ರತಿಗಳನ್ನು, ಅಂಟು ಆರುವ ಮೊದಲೇ, ತೆರೆದೂ ನೋಡದೆ ಅವಳು ಕಚೇರಿಗೆ ಓಡಿಹೋಗಿ ಕೊಟ್ಟಳು.

ಒಂದು ತಿಂಗಳಾದ ಮೇಲೆ ಹಸಿರು ಪುಸ್ತಕದಲ್ಲಿ ಬೇರೇನನ್ನೋ ಹುಡುಕುತ್ತಿದ್ದಾಗ ಅರವತ್ತಮೂರನೇ ಪುಟದಲ್ಲಿ ಆ ಸಾಲು ಎದುರಾಯಿತು. ಒಂದು ಅಕ್ಷರವೂ ಬೇರೆಯಿರಲಿಲ್ಲ.

ಪುಸ್ತಕವನ್ನು ಅವಳು ಮೀನು ಒಣಗಿಸುವ ವಿಧಾನಗಳ ಶೆಲ್ಫಿನ ಹಿಂದೆ ಬಚ್ಚಿಟ್ಟಳು. ಮರುವಾರ ಹೋದರೆ ಅದು ಮತ್ತೆ ಎಬೊ ಅವರ ಮೇಜಿನ ಮೇಲಿತ್ತು. ಅವರು ಕನ್ನಡಕದ ಮೇಲಿನಿಂದ ಅವಳನ್ನು ನೋಡಿದರು. ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಇನ್ಯಾರೋ ಚೀಟಿ ಚಾಚಿದರು.

ಆ ಮಾತು ಅವರ ಬಾಯಿಂದ ಮತ್ತೆಂದೂ ಬರಲಿಲ್ಲ. ಅವಳ ಪ್ರಬಂಧಕ್ಕೆ ಬಹುಮಾನ ಬಂತು. 'ವಿಮರ್ಶಕರ ಮಾತನ್ನು ಎಲ್ಲಿ ನಿಲ್ಲಿಸಿ ತನ್ನ ಮಾತನ್ನು ಎಲ್ಲಿ ಶುರುಮಾಡಬೇಕೆಂದು ಈಕೆಗೆ ಗೊತ್ತು' ಎಂದು ಪರೀಕ್ಷಕರು ಬರೆದರು. ಆ ಹಾಳೆಯನ್ನು ಅವಳು ಯಾರಿಗೂ ತೋರಿಸಲಿಲ್ಲ. ಮುಂದೆ ಅದೇ ವಿಭಾಗದಲ್ಲಿ ಅಧ್ಯಾಪಕಿಯಾದಳು. ಪ್ರತಿ ವರ್ಷ ಮೊದಲ ತರಗತಿಯಲ್ಲಿ, "ವಿಮರ್ಶಕರನ್ನ ಪಕ್ಕದಲ್ಲಿ ಕೂರಿಸ್ಕೊಳ್ಳಿ, ಅವರ ಕುರ್ಚಿಯಲ್ಲಿ ನೀವು ಕೂರಬೇಡಿ" ಎಂದು ಹೇಳುವಾಗ ಅರವತ್ತಮೂರನೇ ಪುಟ ಕಣ್ಣೆದುರು ಬರುತ್ತಿತ್ತು. ಲೇಖಕರಿಗೆ ಸಲ್ಲುವ ಮೂರನೇ ಪ್ರತಿಯನ್ನು ತರಲು ಅವಳು ಹೋಗಲೇ ಇಲ್ಲ. ವಿದ್ಯಾರ್ಥಿಗಳನ್ನು ಎಬೊ ಅವರ ಮೇಜಿಗೆ ಕಳಿಸುತ್ತಿದ್ದಳು. ತಾನು ಇನ್ನೊಂದು ಬಾಗಿಲಿನಿಂದ ಓಡಾಡುತ್ತಿದ್ದಳು.

*

ಮನೆಯ ಹಿಂದೆ, ಮೀನಿಗೆ ಹೊಗೆ ಹಾಕುವ ಮಣ್ಣಿನ ಒಲೆಗಳ ಹತ್ತಿರ ಯಾರೂ ಇರಲಿಲ್ಲ. ಅಬಾ ಬೋರಲು ಹಾಕಿದ್ದ ಒಂದು ಪಾತ್ರೆಯ ಮೇಲೆ ಕೂತು ಪತ್ರಿಕೆಯನ್ನು ಬಿಚ್ಚಿದಳು. ಕಪ್ಪು ರಟ್ಟು, ತನ್ನ ಹೆಸರು; ತಾನು ತರದೆ ಬಿಟ್ಟ ಮೂರನೇ ಪ್ರತಿ. ನಲವತ್ತೊಂದನೇ ಪುಟ.

ಸಾಲು ಅಲ್ಲೇ ಇತ್ತು. ಅದರ ಕೊನೆಯಲ್ಲಿ, ಸ್ವಲ್ಪ ಮೇಲಕ್ಕೆ, ಒಂದು ಪುಟ್ಟ ಅಂಕಿ: ಹದಿನೇಳು. ಪುಟದ ಬುಡದಲ್ಲಿ ವಿಮರ್ಶಕನ ಹೆಸರು, ಪುಸ್ತಕದ ಹೆಸರು, ಪುಟ ಅರವತ್ತಮೂರು.

ಅವಳ ಕರಡಿನಲ್ಲಿ ಇದ್ದುದು ಇಪ್ಪತ್ತೆರಡು ಟಿಪ್ಪಣಿ. ಕೊನೆಯ ಪುಟಕ್ಕೆ ಹಾರಿದಳು. ಇಪ್ಪತ್ತಮೂರು. ಹದಿನೇಳರಿಂದ ಮುಂದಿನ ಅಂಕಿಗಳೆಲ್ಲ ಒಂದೊಂದು ಮುಂದಕ್ಕೆ ಸರಿದಿದ್ದವು. ಆ ಸಾಲು ಎಲ್ಲಿಯದೆಂದು ಗೊತ್ತಿದ್ದ ಒಬ್ಬರು ಅದಕ್ಕೆ ಪುಟ ಹಾಕಿ, ಮುಂದಿನದನ್ನೆಲ್ಲ ಹೊಂದಿಸಿ ಟೈಪ್ ಮಾಡಿದ್ದರು.

ಅವಳು ಮತ್ತೆ ನಲವತ್ತೊಂದಕ್ಕೆ ಬಂದಳು. ಇನ್ನೊಮ್ಮೆ ಓದಿದಳು. ಎದೆಯಿಂದ ಹೊರಟ ಉಸಿರು ಎಷ್ಟು ಹೊತ್ತಾದರೂ ಮುಗಿಯಲಿಲ್ಲ.

"ನೋಡಿದ್ಯಾ?" ಅರಾಬಾ ಬಂದು ನಿಂತಿದ್ದರು. "ಆ ಹದಿನೇಳು ಅವರು ಸೇರಿಸಿದ್ದಂತೆ. ಮಾರನೇ ದಿನವೇ ನೀನು ಪ್ರಬಂಧ ಕೊಡ್ಬೇಕಿತ್ತು, ಅದಕ್ಕೆ ನಿನ್ನ ಕೇಳೋಕೆ ಆಗ್ಲಿಲ್ವಂತೆ. ಆಮೇಲೆ ನೀನು ಮುಖ ತಪ್ಪಿಸ್ಕೊಂಡು ಓಡಾಡೋಕೆ ಶುರು ಮಾಡ್ದೆ. 'ಆ ಹುಡುಗಿ ಬರಹಕ್ಕೆ ಕೇಳ್ದೆ ಕೈ ಹಾಕ್ಬಿಟ್ಟೆ ಅರಾಬಾ, ಅದಕ್ಕೇ ಕೋಪ' ಅಂತ ಒಂದೇ ಕೊರಗು. ಅವರ ಪರವಾಗಿ ನಾನು ಕ್ಷಮೆ ಕೇಳ್ತೀನಿ. ಪೆಟ್ಟಿಗೆ ಮುಚ್ಚೋಕೆ ಮುಂಚೆ ಅವರಿಗೊಂದು ಮಾತು ಹೇಳಿಬಿಡಮ್ಮ."

"ಆಂಟಿ, ನನಗೆ ಕೋಪ ಇರ್ಲಿಲ್ಲ. ಭಯ ಇತ್ತು."

"ಇವರಿಗೆ ಹೆದರೋದಾ? ಕೋಳಿ ಓಡಿಸೋಕೂ 'ದಯವಿಟ್ಟು' ಅಂತಿದ್ದೋರಿಗಾ?"

"ಆ ಸಾಲು ನನ್ನದಲ್ಲ, ಆಂಟಿ. ಇನ್ನೊಬ್ಬರದು. ಪುಟ ಹಾಕೋದು ಮರೆತಿದ್ದೆ. ನಾನು ಕದ್ದೆ, ಅದು ಅವರಿಗೆ ಗೊತ್ತಾಗಿದೆ ಅಂತ ಇಷ್ಟು ವರ್ಷ…"

ಅರಾಬಾ ತೊಡೆ ತಟ್ಟಿಕೊಂಡು ನಗತೊಡಗಿದರು.

"ಹಂಗಾದ್ರೆ ಮೂವತ್ತೊಂದು ವರ್ಷ ನನ್ನ ತಲೆ ತಿಂದಿದ್ದೆಲ್ಲ ದಂಡ!"

ಅವಳ ಕೈ ಹಿಡಿದು ಎಳೆದುಕೊಂಡು ಒಳಗೆ ನಡೆದರು. ಮಂಚದ ಹತ್ತಿರ ಬಗ್ಗಿ, ಎಲ್ಲರಿಗೂ ಕೇಳುವಂತೆ ಗಂಡನ ಕಿವಿಯಲ್ಲಿ ಕೂಗಿದರು: "ಕೇಳಿಸ್ತಾ? ಕೋಪ ಇಲ್ವಂತೆ! ಯಾವತ್ತೂ ಇರ್ಲಿಲ್ವಂತೆ! ಇನ್ನಾದ್ರೂ ಸುಮ್ನೆ ಮಲಗಿ!"

ಫೀಫಿ ಒಳಗೆ ಇಣುಕಿದರು. "ಮೇಡಂ, ನಿಮ್ಮ ಸರದಿ. ಮೈಕು ಕಾಯ್ತಿದೆ."

ಅಬಾ ಚೀಲದಿಂದ ಹಾಳೆಗಳನ್ನು ತೆಗೆಯಲಿಲ್ಲ. ಟೈಪ್‌ರೈಟರಿನ ಬಳಿ ಹೋದಳು. ಅದರಲ್ಲಿ ಯಾರೋ ಅಲಂಕಾರಕ್ಕೆಂದು ಒಂದು ಬಿಳಿಯ ಹಾಳೆ ಸಿಕ್ಕಿಸಿದ್ದರು. ಉರುಳೆಯನ್ನು ತಿರುಗಿಸಿ ತಿರುಗಿಸಿ ಹಾಳೆಯ ಬುಡಕ್ಕೆ ಬಂದಳು. ಕೀಲಿಗಳು ಬಿಗಿಯಾಗಿದ್ದವು; ಒಂದೊಂದನ್ನೂ ಒತ್ತಿ ಒತ್ತಿ ಹೊಡೆದಳು.

"ಏನು ಬರೆದ್ರಿ?" ಫೀಫಿ ಕನ್ನಡಕ ಏರಿಸಿಕೊಂಡು ಬಗ್ಗಿದರು.

ಇಡೀ ಹಾಳೆ ಖಾಲಿಯಾಗಿತ್ತು. ಎಲ್ಲಕ್ಕಿಂತ ಕೆಳಗೆ, ಅಂಚಿಗೆ ತಾಗುವಂತೆ ಒಂದೇ ಸಾಲು ಇತ್ತು: ಎಬೊ ಕ್ವಾನ್ಸಾ, ಪುಟ ನಲವತ್ತೊಂದು.