ಧರ್ಮದ ಚೀಲ

ಪುಣೆಯ ಕಾಳಿನ ಪೇಟೆಯಲ್ಲಿ ಶಿವರುದ್ರಪ್ಪನವರ ಅಂಗಡಿ. ಅದರ ಹಿಂದಿನ ಮೂಲೆಯಲ್ಲಿ ಒಂದು ಚೀಲ ಯಾವಾಗಲೂ ಇರುತ್ತಿತ್ತು. ನುಸಿ ಹಿಡಿದದ್ದು, ಮುಗ್ಗಿದ್ದು, ನೆಲ ಗುಡಿಸಿ ತುಂಬಿದ್ದು, ಎಲ್ಲ ಜೋಳವೂ ಅದಕ್ಕೇ. ಅಪ್ಪನ ಕಾಲದಿಂದ ಅದಕ್ಕೆ ಧರ್ಮದ ಚೀಲವೆಂದು ಹೆಸರು. ಯಾರು ಬೇಡಿ ಬಂದರೂ ಅದರಿಂದಲೇ ಕೊಡುವುದು. ಕೊಡುವಾಗ ಕೈ ಮುಗಿಯುವುದನ್ನು ಮಾತ್ರ ಒಂದು ದಿನವೂ ತಪ್ಪಿಸಿದವರಲ್ಲ, ಪುಣ್ಯಾತ್ಮರು!

ಈ ಸಲ ಕೇಳಲು ಬಂದವರು ಧಾರವಾಡದ ಕಡೆಯ ರಂಜನಾ ಟೀಚರು. ಅವರದೂ ಸೇರಿ, ಒಬ್ಬರ ಹಬ್ಬಕ್ಕೆ ಇನ್ನೊಬ್ಬರು ಹೋಗದ ಮೂರು ಚರ್ಚುಗಳು ಹಸಿವಿನ ವಿಷಯಕ್ಕೆ ಒಂದಾಗಿದ್ದವು. ಒಂದರ ವ್ಯಾನು, ಒಂದರ ಒಲೆ, ಇನ್ನೊಂದರ ಆಳುಗಳು. ಚರ್ಚಿನವರು ವಾರಕ್ಕೊಂದು ಹೊತ್ತು ಉಪವಾಸವಿದ್ದು ಉಳಿಸಿದ ದುಡ್ಡು ಬರ ಬಿದ್ದ ಹೊರದೇಶಗಳಿಗೆ ಹೋಗುತ್ತಿತ್ತು. ಇಲ್ಲಿ ಪುಣೆ ಜಿಲ್ಲೆಯ ಇಂದಾಪುರದಲ್ಲಿ ಕಬ್ಬು ಕಡಿಯುವವರಿಗೆ ಊಟ. ಶಿವರುದ್ರಪ್ಪ ಧರ್ಮದ ಚೀಲದ ಬಾಯಿ ಹೊಲಿಸಿ ಕೊಟ್ಟರು. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ, ಹಾಗೆ ಅಳೆಯುವವರು ಯಾರಿದ್ದಾರೆ ಎಂಬ ಧೈರ್ಯ ಅವರಿಗೆ.

"ರವಿವಾರ ನೀವೂ ಬರ್ರಿ ಸಾವಕಾರ್ರ. ಎಲ್ಲಾರ ಮುಂದ ನಿಮ್ಮ ಹೆಸರು ಹೇಳ್ತೀವಿ," ಎಂದರು ಟೀಚರು. ಹೆಸರೆಂದರೆ ಯಾರಿಗೆ ಬೇಡ? ಹೋದರು.

ಅಲ್ಲಿನ ಕಟ್ಟಳೆ ಅವರಿಗೆ ಗೊತ್ತಿರಲಿಲ್ಲ. ಕೊಟ್ಟವರು, ಪಾದ್ರಿಗಳು, ಎಲ್ಲರೂ ಕೂಲಿಯವರ ಪಂಕ್ತಿಯಲ್ಲೇ ಕೂತು ಅದೇ ರೊಟ್ಟಿ ತಿನ್ನಬೇಕು. ಹೆಸರು ಹೇಳುವುದು ಊಟವಾದ ಮೇಲೆ.

ಅಂದಿನ ರೊಟ್ಟಿ ಶಿವರುದ್ರಪ್ಪನವರ ಚೀಲದ್ದೇ. ಆ ಚೀಲದ ಜೋಳವನ್ನು ಅವರು ಬಾಯಿಗಿಟ್ಟದ್ದು ಅದೇ ಮೊದಲು. ಮೊದಲ ತುತ್ತಿಗೇ ಕಲ್ಲಿನ ಹರಳು, ಆಮೇಲೆ ಕಹಿ. ಪಕ್ಕದಲ್ಲಿ ವಿಜಯಪುರದ ಕಡೆಯಿಂದ ಕಬ್ಬು ಕಡಿಯಲು ಬಂದ ಮುದುಕಿ, ಕಾಶವ್ವ. ಬಾಯೊಳಗಿನ ಹರಳನ್ನು ಬೆರಳಿನಿಂದ ತೆಗೆದು ತಾಟಿನ ಅಂಚಿಗಿಟ್ಟು, ಬೇಸರವಿಲ್ಲದೆ ಮತ್ತೆ ರೊಟ್ಟಿ ಮುರಿಯುತ್ತಿದ್ದಳು. ಆಗಲೇ ನಾಲ್ಕು ಹರಳಾಗಿದ್ದವು. ಇನ್ನೊಂದು ಗಳಿಗೆಗೆ ಇದು ಯಾರ ಜೋಳವೆಂದು ಇವಳಿಗೂ ಗೊತ್ತಾಗುತ್ತದೆ.

"ಅವ್ವಾ, ಈ ಜ್ವಾಳ ಕೊಟ್ಟಾಂವ ನಾನ," ಎಂದು ತಾವೇ ಹೇಳಿ, ಬೈಗುಳಕ್ಕೆ ತಲೆ ಬಗ್ಗಿಸಿ ಕೂತರು.

ಕಾಶವ್ವ ಅವರ ಮುಖವನ್ನೇ ನೋಡಿದಳು. "ಹೌದಾ ಯಪ್ಪಾ? ನಿಮ್ಮನ್ಯಾಗೂ ಇಂಥಾ ಜ್ವಾಳಾನ ತಿಂತೀರೇನು? ಪಾಪ, ಇದ್ದದ್ರಾಗ ನಮಗೂ ಕೊಟ್ಟೀರಿ."

ತನ್ನ ತಾಟಿನ ಶೇಂಗಾ ಚಟ್ನಿಯಲ್ಲಿ ಅರ್ಧವನ್ನು ಅವರ ತಾಟಿಗೆ ಹಾಕಿದಳು. "ಇದರ ಕೂಡ ತಿನ್ರೆಪಾ, ಕಹಿ ಹತ್ತಂಗಿಲ್ಲ."

ಟೀಚರು ಹೆಸರು ಕೂಗಿದಾಗ ಶಿವರುದ್ರಪ್ಪ ಏಳಲಿಲ್ಲ. ಬಾಯಿಗೆ ಸಿಕ್ಕ ಹರಳನ್ನು ಬೆರಳಿನಿಂದ ತೆಗೆದು ತಾಟಿನ ಅಂಚಿಗಿಟ್ಟು, ಮತ್ತೆ ರೊಟ್ಟಿ ಮುರಿದರು.