ಮನೆಯಲ್ಲಿ ಯಾರಿರುತ್ತಾರೆ?

ಚರ್ಚಿನಲ್ಲಿ ಓಪಲ್ ಶವಪೆಟ್ಟಿಗೆಯ ಮೇಲೆ ಬಗ್ಗಿ, ಜೊತೆಗೆ ದುಡಿದ ಡಾರ್ಲಾಳ ಎಡಗೈಯ ಉಗುರುಗಳಿಗೆ ಕೆಂಪು ಬಣ್ಣ ಹಚ್ಚುತ್ತಿದ್ದಳು. ಅಮೆರಿಕದ ಆರ್ಕನ್ಸಾದ ಆ ಊರಿನ ಕೋಳಿಮಾಂಸದ ಕಾರ್ಖಾನೆಯಲ್ಲಿ ಉಗುರುಬಣ್ಣ ಹಚ್ಚುವಂತಿಲ್ಲ. ಅಲ್ಲಿ ದುಡಿದ ಹೆಂಗಸು ತೀರಿಕೊಂಡರೆ ಜೊತೆಯವರು ಬಣ್ಣ ಹಚ್ಚಿಯೇ ಕಳಿಸಿಕೊಡುತ್ತಾರೆ.

"ಹನ್ನೊಂದು ವರ್ಷ ಬೋಳು ಬೆರಳಲ್ಲೇ ಕಳೆದ್ಲು," ಎಂದಳು ಓಪಲ್. "ಇವತ್ತು ಯಾವ ಸೂಪರ್‌ವೈಸರ್ ಬಂದು ಕೈ ನೋಡ್ತಾನೋ ನೋಡೇ ಬಿಡ್ತೀನಿ."

ಡಾರ್ಲಾಳ ಹದಿನೈದರ ಮಗಳು ಕೊರಿನ್ ಬಣ್ಣದ ಸೀಸೆ ಹಿಡಿದು ನಿಂತಿದ್ದಳು. ಹಿಂದಿನ ಬೆಂಚಿನಲ್ಲಿ ಅವಳ ಅಪ್ಪ ವೇಡ್, ಪಕ್ಕದಲ್ಲಿ ಅವನ ಈಗಿನ ಹೆಂಡತಿ ಮಾರ್ನಿ. ಕೊರಿನ್‌ಳನ್ನು ಅವರು ಇವತ್ತೇ ತಮ್ಮ ಮನೆಗೆ ಕರೆದೊಯ್ಯುವವರಿದ್ದರು.

"ಪಾಪ, ಶಾಲೆಯಿಂದ ಬಂದ್ರೆ ಈ ಮಗೂಗೆ ಬಾಗಿಲು ತೆಗೆಯೋರೇ ಇರ್ತಿರಲಿಲ್ಲ," ಎಂದಳು ಮಾರ್ನಿ. "ನಾನಂತೂ ದಿನವಿಡೀ ಮನೇಲೇ ಇರ್ತೀನಿ."

"ಬಾಗಿಲು ತೆಗೆಯೋಕೆ ಅಪ್ಪ ಅನ್ನೋನೂ ಇರಬಹುದಿತ್ತು ಕಣಮ್ಮ," ಓಪಲ್ ತಲೆ ಎತ್ತಲಿಲ್ಲ. "ಅವನು ನಿನ್ನ ಮನೆ ಬಾಗಿಲು ತೆಗೀತಿದ್ದ."

ವೇಡ್ ಟೈ ಸರಿಮಾಡಿಕೊಂಡ.

*

ಜನವರಿಯಲ್ಲಿ ಶಾಲೆಯವರು ಒಂದು ಪ್ರಶ್ನೆಪಟ್ಟಿ ಹಂಚಿದ್ದರು. ತಾಯಿ ಕೆಲಸಕ್ಕೆ ಹೋಗುವ, ತಂದೆ ಬಿಟ್ಟುಹೋದ ಮನೆಗಳ ಮಕ್ಕಳು ಹೇಗಿದ್ದಾರೆಂದು ಅವರಿಗೆ ತಿಳಿಯಬೇಕಿತ್ತಂತೆ. 'ನೀನು ಶಾಲೆಯಿಂದ ಬಂದಾಗ ಮನೆಯಲ್ಲಿ ಯಾರಿರುತ್ತಾರೆ?' ತಾನು ನುಡಿಸಿದ ಶಾಲೆಯ ಬ್ಯಾಂಡಿನ ಕಾರ್ಯಕ್ರಮಕ್ಕೆ ಬರಲಿಲ್ಲವೆಂದು ಕೊರಿನ್ ಹಿಂದಿನ ದಿನವಷ್ಟೇ ಅಮ್ಮನೊಂದಿಗೆ ಜಗಳವಾಡಿದ್ದಳು. 'ಯಾರೂ ಇಲ್ಲ' ಎಂಬಲ್ಲಿ ಗುರುತು ಹಾಕಿ, ಕೆಳಗೆ ಬರೆದಳು: 'ಅಮ್ಮ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.' ಶಾಲೆಯ ಸಲಹೆಗಾರ್ತಿ ಡಾರ್ಲಾಳನ್ನು ಕರೆಸಿ ಆ ಹಾಳೆಯನ್ನು ಕೈಗಿತ್ತಳು.

ಡಾರ್ಲಾ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಮರುವಾರವೇ ಹಗಲು ಪಾಳಿ ಬಿಟ್ಟು ರಾತ್ರಿ ಪಾಳಿಗೆ ಸೇರಿದಳು. ಯಂತ್ರ ತೊಳೆಯುವ ಕೆಲಸ. "ಇನ್ಮೇಲೆ ನೀನು ಬರೋ ಹೊತ್ತಿಗೆ ಮನೇಲಿರ್ತೀನಿ ಕಣೇ," ಎಂದಳು. ಇದ್ದಳು, ನಿಜ. ಮೈಮೇಲೆ ಎಚ್ಚರವಿಲ್ಲದೆ ಮಲಗಿರುತ್ತಿದ್ದಳು. ಮೂರು ತಿಂಗಳು ಹೀಗೆ ನಡೆಯಿತು. ಮೊನ್ನೆ ಸೋಮವಾರ ಬೆಳಿಗ್ಗೆ ಪಾಳಿ ಮುಗಿಸಿ ಬರುವಾಗ ಕಾರು ಓಡಿಸುತ್ತಲೇ ನಿದ್ದೆ ಹೋದಳು. ಕಾರು ಸೇತುವೆಯ ಕಂಬಕ್ಕೆ ಬಡಿಯಿತು.

*

ಮಣ್ಣು ಮಾಡಿ ಬಂದ ಮೇಲೆ ಚರ್ಚಿನಲ್ಲಿ ಊಟ. ಕೊರಿನ್ ಓಪಲ್‌ಳ ಪಕ್ಕ ಬಂದು ಕುಳಿತಳು.

"ಆಂಟಿ, ಅಮ್ಮ ಪಾಳಿ ಬದಲಾಯ್ಸಿದ್ದು ನನ್ನಿಂದ. ನಾನೊಂದು ಮಾತು ಬರೆದಿದ್ದೆ."

"ಗೊತ್ತು. ಆ ಹಾಳೆ ತಂದು ನಂಗೆ ತೋರ್ಸಿದ್ಲು."

"ಏನಂದ್ಲು?"

"ನನ್ನ ಮಗಳ ಅಕ್ಷರ ಎಷ್ಟು ದುಂಡಗಿದೆ ನೋಡು ಅಂದ್ಲು." ಓಪಲ್ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. "ಪಾಳಿ ಬದಲಾವಣೆ ಅರ್ಜಿ ಹೇಗೆ ತುಂಬೋದು ಅಂತ ಕೇಳಿದ್ಲು. ತುಂಬಿಕೊಟ್ಟಿದ್ದು ನಾನೇ."

ಹೊರಗೆ ವೇಡ್ ಹಾರನ್ ಒತ್ತಿದ.

ಬಟ್ಟೆಬರೆ ತರಲು ಕೊರಿನ್, ವೇಡ್, ಮಾರ್ನಿ ಮೂವರೂ ಡಾರ್ಲಾಳ ಟ್ರೈಲರ್ ಮನೆಗೆ, ಆ ಗಾಲಿ ಮೇಲಿನ ಪುಟ್ಟ ಮನೆಗೆ, ಹೋದರು. ಮಲಗುವ ಕೋಣೆಯ ಕಿಟಕಿಗೆ ಹಗಲ ಬೆಳಕು ಬಾರದಂತೆ ಡಾರ್ಲಾ ಒಳಗಿನಿಂದ ಅಲ್ಯೂಮಿನಿಯಂ ಹಾಳೆ ಅಂಟಿಸಿದ್ದಳು. ಮಾರ್ನಿ ಮುಂಬಾಗಿಲನ್ನು ದಢಾರನೆ ತಳ್ಳಿದಳು. "ಎಲ್ಲಮ್ಮಾ ನಿನ್ನ ಪೆಟ್ಟಿಗೆ?"

ಕೊರಿನ್ ಹೊಸ್ತಿಲಲ್ಲೇ ಬೂಟು ಕಳಚಿ ಕೈಯಲ್ಲಿ ಹಿಡಿದುಕೊಂಡಳು. "ಶ್, ಮೆಲ್ಲಗೆ," ಎಂದು ತುದಿಗಾಲಿನಲ್ಲಿ ಒಳಗೆ ಹೋದಳು.